ಹೊತ್ತನ್ನು ಹೊತ್ತ ಹೆಂಗಸರು

ವೆರಾಕ್ರೂಜ್ ಬಂದರು

ಹಡಗು ನಿಂತಿತು, ನನ್ನ ಹೊಟ್ಟೆ ಮಾತ್ರ ನಿಲ್ಲಲಿಲ್ಲ. ಯುರೋಪನ್ನು ಹಿಂದೆ ಬಿಟ್ಟು ದೊಡ್ಡ ಸಮುದ್ರದ ನಡುವೆ ಬಂದಾಗ ಶುರುವಾದ ಓಕರಿಕೆ ನನ್ನ ಜೊತೆಗೇ ಬಂದರಿಗೆ ಇಳಿಯಿತು. ನೆಲ ಅಲುಗುತ್ತಿರಲಿಲ್ಲ, ನಾನು ಅಲುಗುತ್ತಿದ್ದೆ. ಬಂದರಿನ ಬೀದಿಯಲ್ಲಿ ಹದ್ದಿನಂಥ ಕರಿಯ ಹಕ್ಕಿಗಳು ನಮ್ಮೂರ ಕೋಳಿಗಳ ಹಾಗೆ ನಿರ್ಭಯವಾಗಿ ಓಡಾಡುತ್ತಿದ್ದವು. ಯಾರೂ ಅವನ್ನು ಓಡಿಸುತ್ತಿರಲಿಲ್ಲ.

ನಾನು ಹುಕ್ಕೇರಿಯ ಸೊಸೆ, ಮೂಡಲಗಿಯ ಮಗಳು. ನಮ್ಮವರು ಸರಕಾರಿ ಹೊಲದಲ್ಲಿ ಹತ್ತಿಯ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಮೆಕ್ಸಿಕೊ ದೇಶದ ಗುಡ್ಡಗಳಲ್ಲಿ ಹತ್ತಿ ತಾನಾಗಿಯೇ ಕಾಡುಗಿಡದಂತೆ ಬೆಳೆಯುತ್ತದೆ, ಅದರ ಬೀಜ ತಂದು ನಮ್ಮ ಕರಿ ನೆಲದಲ್ಲಿ ನೋಡಬೇಕು ಎಂಬುದು ಅವರ ಬಹುದಿನದ ಆಸೆ. ಎರಡನೆಯ ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ, ಸಮುದ್ರ ಶಾಂತವಾಗಿತ್ತು. ಅವರು ಹೊರಟರು, ನನ್ನನ್ನೂ ಹೊರಡಿಸಿದರು.

ಬಂದರಿನಲ್ಲಿ ನನಗಾದ ಮೊದಲ ಆಶ್ಚರ್ಯವೆಂದರೆ ನನ್ನನ್ನು ಕಂಡು ಯಾರಿಗೂ ಆಶ್ಚರ್ಯವಾಗದೆ ಇದ್ದದ್ದು. ಲಂಡನ್ನಿನಲ್ಲಿ ನನ್ನ ಇಳಕಲ್ ಸೀರೆಯನ್ನು ಮಕ್ಕಳು ಹಿಂಬಾಲಿಸಿಕೊಂಡು ಬಂದು ನೋಡಿದ್ದರು. ಇಲ್ಲಿ ಮಾವಿನಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನೆಟ್ಟಗೆ ನನ್ನ ಬಳಿ ಬಂದು ಏನೋ ದಾರಿ ಕೇಳಿದಳು. ಅವಳ ಮೈಬಣ್ಣ, ಎಣ್ಣೆ ಹಚ್ಚಿದ ಜಡೆ, ನಗುವಾಗ ಕೆನ್ನೆಯಲ್ಲಿ ಬೀಳುವ ಗುಳಿ, ಎಲ್ಲ ನಮ್ಮ ಮೇಲವಂಕಿಯ ಸೋದರತ್ತೆಯದೇ. ನಾನು ಕೈ ಅಲ್ಲಾಡಿಸಿ "ಗೊತ್ತಿಲ್ಲವಾ" ಎಂದು ಕನ್ನಡದಲ್ಲೇ ಹೇಳಿದೆ. ಅವಳು ಅರ್ಥವಾದವಳಂತೆ ತಲೆಯಾಡಿಸಿ ಮುಂದೆ ಹೋದಳು.

"ನಿನ್ನ ಇಲ್ಲೇ ಬಿಟ್ಟ ಹೋದ್ರ ಯಾರಿಗೂ ಗೊತ್ತಾಗಂಗಿಲ್ಲ ನೋಡ ಗಂಗಾ," ಎಂದು ನಮ್ಮವರು ನಕ್ಕರು.

ನಾನೂ ನಕ್ಕೆ. ಆಮೇಲೆ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಅದು ಹಡಗಿನ ಕಾಯಿಲೆಯಲ್ಲ ಎಂಬುದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅವರಿಗೆ ಹೇಳಿರಲಿಲ್ಲ.

ಎಲೆನಾಳ ಮನೆ

ರೈಲು ಸಮುದ್ರದ ಸೆಕೆಯಿಂದ ಮೋಡದ ತಂಪಿಗೆ ಹತ್ತಿತು. ಒಂದು ಸ್ಟೇಷನ್ನಿನಲ್ಲಿ ಬಾಳೆದಿಂಡನ್ನು ಕೊರೆದು ಅದರೊಳಗೆ ಬಿಳಿ ಹೂಗಳನ್ನು ಒತ್ತೊತ್ತಾಗಿ ತುಂಬಿ ಮಾರುತ್ತಿದ್ದರು. ಒಂದು ದಿಂಡು ಕೊಂಡೆವು. ಆ ಪರಿಮಳದಲ್ಲಿ ನಾನು ಎಚ್ಚರವೋ ನಿದ್ದೆಯೋ ತಿಳಿಯದಂತೆ ತೂಗುತ್ತಿದ್ದಾಗ, ಕಿಟಕಿಯಲ್ಲಿ ಹಿಮ ಹೊತ್ತ ಒಂದು ಪರ್ವತ ಬಂದು, ನೆಲಕ್ಕೆ ಅಂಟದೆ, ಬರಿಯ ಆಕಾಶದಲ್ಲಿ ನಿಂತಿತು. ಬಹಳ ಹೊತ್ತು ಜೊತೆಗೇ ಬಂತು.

ಮೆಕ್ಸಿಕೊ ನಗರದಲ್ಲಿ ನಾವು ಇಳಿದುಕೊಂಡದ್ದು ಎಲೆನಾ ಎಂಬ ಸಾಲಿ ಮಾಸ್ತರಿಣಿಯ ಮನೆಯಲ್ಲಿ. ತಾಯಿ ಮಗಳು ಇಬ್ಬರೇ ಇರುವ ಮನೆ. ಎಲೆನಾಳಿಗೆ ಇಂಗ್ಲಿಷ್ ಬರುತ್ತಿತ್ತು, ಬೆಳಗಾವಿಯ ಸಾಲಿಯಲ್ಲಿ ಕಲಿತ ಇಂಗ್ಲಿಷ್ ನನಗೂ ಅಷ್ಟಿಷ್ಟು ಬರುತ್ತಿತ್ತು. ಅವಳು ಆಡಿದ್ದೆಲ್ಲ ನನ್ನ ಮನಸ್ಸಿಗೆ ನಮ್ಮೂರ ಮಾತಾಗಿಯೇ ಕೇಳಿಸುತ್ತಿದ್ದುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮೊದಲ ಬೆಳಗು ನನ್ನನ್ನು ಎಬ್ಬಿಸಿದ್ದು ರೊಟ್ಟಿ ಬಡಿಯುವ ಸದ್ದು. ಟಪ್ ಟಪ್ ಟಪ್. ಕಣ್ಣು ಮುಚ್ಚಿಕೊಂಡೇ ಮೂಡಲಗಿಯಲ್ಲಿದ್ದೇನೆ ಎಂದುಕೊಂಡೆ. ಅಡುಗೆಮನೆಗೆ ಹೋಗಿ ನೋಡಿದರೆ ಎಲೆನಾಳ ತಾಯಿ ಗೋವಿನಜೋಳದ ಹಿಟ್ಟನ್ನು ಎರಡೂ ಅಂಗೈಗಳ ನಡುವೆ ತಟ್ಟುತ್ತಿದ್ದಾಳೆ. ನಮ್ಮದು ಕಲ್ಲಿನ ಮೇಲೆ, ಅವರದು ಗಾಳಿಯಲ್ಲಿ, ಅಷ್ಟೇ ಅಂತರ. ಪಕ್ಕದಲ್ಲಿ ಕಲ್ಲೊರಳಿನಲ್ಲಿ ಮೆಣಸಿನಕಾಯಿ ಚಟ್ನಿ. ನಾನು ಕೂತು ಹೊಟ್ಟೆ ತುಂಬ ತಿಂದೆ. ಕರಿಯ ಕಾಳಿನ ಪಲ್ಯವನ್ನಂತೂ ಎರಡೆರಡು ಸಲ ಹಾಕಿಸಿಕೊಂಡೆ. ಮಾಂಸ ಬೇಡವೆಂದು ಮೊದಲೇ ಹೇಳಿದ್ದೆವು.

ಆ ರುಚಿ ಎಲ್ಲಿಂದ ಬಂತೆಂದು ಕೆಲವು ದಿನಗಳಾದ ಮೇಲೆ ತಿಳಿಯಿತು. ಒಗ್ಗರಣೆಗೆ ಅವಳು ಹಾಕುತ್ತಿದ್ದ ಬೆಣ್ಣೆಯಂಥ ಬಿಳಿ ಮುದ್ದೆ ಹಂದಿಯ ಕೊಬ್ಬು! ಅಂಗಳಕ್ಕೆ ಓಡಿದೆ. ಕೊರಳಿನ ಲಿಂಗವನ್ನು ಹಿಡಿದುಕೊಂಡು ಅತ್ತೆ. ನಮ್ಮವರು ಬೆನ್ನು ಸವರುತ್ತ, "ತಿಂದದ್ದ ತಿಂದಾತು. ಗೊತ್ತಿಲ್ಲದ ತಿಂದದ್ದಕ್ಕ ಶಿವಾ ಲೆಕ್ಕ ಇಡಂಗಿಲ್ಲ, ಏಳ," ಎಂದರು.

ಎಲೆನಾಳ ತಾಯಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ನಮ್ಮವರು ಒಳಗೆ ಹೋದ ಮೇಲೆ ಹತ್ತಿರ ಬಂದು, ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ನನ್ನ ಹೊಟ್ಟೆಯ ಕಡೆ ಕಣ್ಣಲ್ಲೇ ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ, ಬೆರಳನ್ನು ತುಟಿಯ ಮೇಲಿಟ್ಟೆ. ಅವಳು ಕೈಹಿಡಿದು ಒಲೆಯ ಬಳಿ ಕರೆದೊಯ್ದಳು. ಬೇಯಿಸಲು ತೆಗೆದಿಟ್ಟಿದ್ದ ಗೋವಿನಜೋಳದ ಕಾಳುಗಳನ್ನು ಬೊಗಸೆಯಲ್ಲಿ ತೆಗೆದುಕೊಂಡು ಅವುಗಳ ಮೇಲೆ ಮೆಲ್ಲಗೆ ಬಾಯಿಂದ ಉಸಿರು ಬಿಟ್ಟು, ಆಮೇಲೆ ಕುದಿಯುವ ಗಡಿಗೆಗೆ ಸುರಿದಳು.

"ಹಿಂಗ್ಯಾಕ ಮಾಡತಾರ?" ಎಂದು ಸಂಜೆ ಎಲೆನಾಳನ್ನು ಕೇಳಿದೆ.

"ಕಾಳ ಬೆಂಕಿಗೆ ಹೆದರಬಾರದಂತ. ಜ್ವಾಳ ನಮ್ಮ ಹಿರೇರಿಗೆ ದೇವಿ. ದೇವೀನ ಕುದಿಯೂ ನೀರಿಗೆ ಹಾಕಬೇಕಾದ್ರ ಮೊದಲ ಧೈರ್ಯ ಕೊಡಬೇಕಲ್ಲ," ಎಂದಳು.

ಕಲ್ಲಿನ ದೇವಿಯರು

ಒಂದು ದಿನ ನಮ್ಮವರು ಬೀಜದ ಕೆಲಸಕ್ಕೆ ಹೋದಾಗ ಎಲೆನಾ ನನ್ನನ್ನು ನಗರದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಳು. ಸ್ಪೇನಿನವರು ಬಂದು ಇಗರ್ಜಿ ಕಟ್ಟುವ ಮೊದಲು ಈ ನಗರ ಆಸ್ತೆಕರೆಂಬ ಜನರ ರಾಜಧಾನಿ. ಅವರ ದೇವರುಗಳೆಲ್ಲ ಈಗ ಒಂದು ಹಳೆಯ ಕಟ್ಟಡದ ದೊಡ್ಡ ಕೋಣೆಯಲ್ಲಿ ಪೂಜೆಯಿಲ್ಲದೆ ಸಾಲಾಗಿ ನಿಂತಿದ್ದರು. ಕನ್ನಡಕದಂಥ ಕಣ್ಣುಂಗುರದ ಮಳೆಯ ದೇವರು. ಗರಿ ಮುಡಿದ ಹಾವು. ಹೊರಗಿನ ಬೆಳಕು ಎತ್ತರದ ಕಿಟಕಿಯಿಂದ ಧೂಳಿನ ಕೋಲಾಗಿ ಇಳಿಯುತ್ತಿತ್ತು. ಮಾತಾಡಿದರೆ ನಮ್ಮ ಮಾತೇ ಯಾರದೋ ಎಂಬಂತೆ ತಿರುಗಿ ಬರುತ್ತಿತ್ತು.

ಎಲ್ಲಕ್ಕಿಂತ ದೊಡ್ಡವಳು ಕೋವಾತ್ಲಿಕುಎ ಎಂಬ ದೇವಿ. ಸೊಂಟದಿಂದ ಕೆಳಗೆ ಹಾವುಗಳನ್ನೇ ನೇಯ್ದ ಪರಕಾರ, ಕೊರಳಲ್ಲಿ ಮನುಷ್ಯರ ಅಂಗೈ ಮತ್ತು ಗುಂಡಿಗೆಗಳ ಸರ. ತಲೆಯಿಲ್ಲ. ತಲೆಯ ಜಾಗದಲ್ಲಿ ಎರಡು ಹಾವು ಮುಖಕ್ಕೆ ಮುಖ ಕೊಟ್ಟು ನಿಂತಿವೆ. ನಮ್ಮಲ್ಲಿ ಕಾಳಿಯ ರುಂಡಮಾಲೆ ನೋಡಿ ಬೆಳೆದ ನಾನೂ ಒಂದು ಹೆಜ್ಜೆ ಹಿಂದೆ ಸರಿದೆ. ಆದರೆ ಎಲೆನಾ ಹೇಳಿದ ಕತೆ ಬೇರೆಯೇ ಇತ್ತು.

"ಈಕಿ ಗುಡ್ಡದ ಮ್ಯಾಲಿನ ಗುಡಿ ಕಸ ಹೊಡಿಯಾಕಿ. ಒಂದ ದಿನ ಕಸ ಹೊಡಿಯುವಾಗ ಮ್ಯಾಲಿಂದ ಗರಿ ಉಂಡಿ ಒಂದು ತೇಲಿಕೋತ ಬಂತು. ಚಂದ ಐತೆಂತ ಎತ್ತಿ ಉಡಿಯಾಗ ಇಟಗೊಂಡಳು. ಅಷ್ಟಕ್ಕ ಬಸರಾದಳು. ದೊಡ್ಡ ಮಕ್ಕಳು, ನಮ್ಮವ್ವ ಮಾನ ಕಳದಳು ಅಂತ ಆಯುಧ ಹಿಡಕೊಂಡ ಕೊಲ್ಲಾಕ ಬಂದ್ರು. ಆಗ ಹೊಟ್ಟಿಯೊಳಗಿನ ಕೂಸು, 'ಹೆದರಬ್ಯಾಡ ಅವ್ವಾ, ನನಗ ಎಲ್ಲಾ ಗೊತ್ತೈತಿ' ಅಂತಂತ. ಹುಟ್ಟತಲೇ ಎದ್ದ ನಿಂತು ತಾಯೀನ ಉಳಿಸಿಕೊಂತು."

ಕಸ ಗುಡಿಸುವ ಒಬ್ಬ ಹೆಂಗಸು. ನಾನು ಮತ್ತೆ ತಲೆಯೆತ್ತಿ ನೋಡಿದೆ. ಈ ಸಲ ಸೋತು ಜೋತ ಅವಳ ಕಲ್ಲಿನ ಮೊಲೆಗಳು ಕಂಡವು. ಬಹಳ ಮಕ್ಕಳಿಗೆ ಹಾಲು ಕೊಟ್ಟವಳು.

ಅಲ್ಲಿಂದ ಮುಂದೆ ಮೊಣಕಾಲೂರಿ ಕುಳಿತ ಕಲ್ಲಿನ ಹೆಂಗಸರಿದ್ದರು. ಮುಖ ತಲೆಬುರುಡೆ, ಎತ್ತಿದ ಕೈಗಳಲ್ಲಿ ಪಂಜದಂಥ ಉಗುರು. ಎದೆ ತೆರೆದಿದೆ, ಕೂದಲು ಕೆದರಿದೆ.

"ಇವರ್ಯಾರು?" ಎಂದೆ.

"ಹಡಿಯುವಾಗ ಸತ್ತ ಹೆಂಗಸರು," ಎಂದಳು ಎಲೆನಾ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಳು ಗಾಬರಿಯಾಗಿ ಬಗ್ಗಿ ಏನಾಯಿತೆಂದು ಕೇಳಿದಾಗ, ನಮ್ಮ ಮನೆಯಲ್ಲಿ ಯಾರೂ ಎತ್ತದ ಮಾತನ್ನು ಆ ಪರದೇಶದ ಕಲ್ಲುಗಳ ಎದುರಿಗೆ ನಾನು ಎತ್ತಿದೆ.

ನನ್ನ ಅಕ್ಕ ನೀಲವ್ವ ಚೊಚ್ಚಲ ಬಾಣಂತನಕ್ಕೆಂದು ಮೂಡಲಗಿಗೆ ಬಂದವಳು, ಕೂಸೂ ಉಳಿಯದೆ ತಾನೂ ಉಳಿಯದೆ ತೀರಿಕೊಂಡಳು. ನಾನಿನ್ನೂ ಪರಕಾರ ಉಡುವ ಹುಡುಗಿ. ನಮ್ಮದು ಶರಣರ ಮನೆತನ, ಸಾವಿಗೆ ಸೂತಕವಿಲ್ಲ, ದೆವ್ವವೆಂಬುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಆದರೂ ಓಣಿಯವರು ಬಿಡಲಿಲ್ಲ. ಬಾಣಂತಿಯಾಗಿ ಸತ್ತವಳು ತಿರುಗಿ ಬರುತ್ತಾಳೆಂದು ಹೊಸ್ತಿಲಿಗೆ ಮೊಳೆ ಹೊಡೆದರು. ಮಣ್ಣು ಮಾಡಿದ ಜಾಗದಿಂದ ಮನೆಯವರೆಗೆ ನವಣೆಯಂಥ ಸಣ್ಣ ರಾಳದ ಕಾಳು ಚೆಲ್ಲಿದರು, ಅದನ್ನು ಆರಿಸುತ್ತ ಅವಳು ದಾರಿಯಲ್ಲೇ ಉಳಿಯಲಿ ಎಂದು. ಮಟಮಟ ಮಧ್ಯಾಹ್ನ ಹೆಣ್ಣುಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅವ್ವ ಅಂದಿನಿಂದ ಅಕ್ಕನ ಹೆಸರು ಹೇಳಲಿಲ್ಲ. ನನ್ನ ಮದುವೆಯ ದಿನ ಕೈಹಿಡಿದು ಹೇಳಿದ್ದು ಒಂದೇ ಮಾತು: "ಯಾವಾಗ ಬೇಕಾದ್ರೂ ಬಾ ಗಂಗಾ. ಬಸರಿ ಆಗಿ ಮಾತ್ರ ಈ ಮನಿಗೆ ಬರಬ್ಯಾಡ."

ಎಲೆನಾ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಆ ಕಲ್ಲಿನ ಹೆಂಗಸರ ಕಡೆ ಬೆರಳು ತೋರಿಸಿ ಹೇಳಿದಳು.

"ನಮ್ಮ ಹಳೇ ಮಂದಿ ಪ್ರಕಾರ ಇವರು ದೆವ್ವ ಅಲ್ಲ. ಕೂಸ ಹಡಿಯೂದಂದ್ರ ಕಾಳಗ. ಅದರಾಗ ಸತ್ತಾಕಿ ರಣದಾಗ ಸತ್ತಂಗ. ಬೆಳಿಗ್ಗಿ ಹೊತ್ತ ಹುಟ್ಟಿದ ಮ್ಯಾಲ, ಯುದ್ಧದಾಗ ಸತ್ತ ಗಂಡಸರು ಸೂರ್ಯನ್ನ ನೆತ್ತೀತನಕಾ ಮುಟ್ಟಸ್ತಾರ. ಅಲ್ಲಿಗೆ ಅವರ ಕೆಲಸ ಮುಗೀತು. ಮಧ್ಯಾನದಿಂದ ಇವರು. ಹಸರ ಗರಿ ಪಲ್ಲಕ್ಕಿಯೊಳಗ ಸೂರ್ಯನ್ನ ಕುಂಡ್ರಿಸಿಕೊಂಡು, ಹೆಗಲ ಕೊಟ್ಟು, ಕೂಗ ಹಾಕ್ಕೋತ ಪಡುವಣಕ್ಕ ಇಳಸ್ತಾರ. ಇವರ ಹೆಸರ ಸಿವಾತೆತೆಓ. ಹಂಗಂದ್ರ ಹೆಣ್ಣ ದೇವರು."

"ಹಂಗಾರ ಯಾರೂ ಹೆದರತಿದ್ದಿಲ್ಲೇನು?"

"ಹೆದರತಿದ್ರು. ಕೆಲವ ದಿನ ಇವರು ಕೂಡು ದಾರಿಗೆ ಇಳದ ಬರತಾರಂತ. ಆವತ್ತ ಮಕ್ಕಳ್ನ ಹೊರಗ ಬಿಡತಿದ್ದಿಲ್ಲ. ಆದ್ರ ದಾರಿಯೊಳಗ ರೊಟ್ಟಿ ಇಡತಿದ್ರು, ಉಪವಾಸ ಹೋಗಬಾರದಂತ."

ನಾವು ಕಾಳು ಚೆಲ್ಲಿದ್ದೂ ದಾರಿಯಲ್ಲೇ. ಅವಳನ್ನು ತಡೆಯುವುದಕ್ಕೆ. ಕಲ್ಲಿನ ಹೆಂಗಸಿನ ತೆರೆದ ಬಾಯಿಯನ್ನು ಮತ್ತೆ ನೋಡಿದೆ. ಅದು ಕಚ್ಚುವ ಬಾಯಿ ಎಂದುಕೊಂಡಿದ್ದೆ. ಭಾರ ಹೊತ್ತವರು ಏದುಸಿರು ಬಿಡುವಾಗಲೂ ಬಾಯಿ ಹಾಗೆಯೇ ತೆರೆದಿರುತ್ತದೆ.

ಆ ಸಂಜೆ ನಮ್ಮವರಿಗೆ ಹೇಳಿದೆ. ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ನೇರಳೆ ಬಣ್ಣದ ಹೂಗಳು ಒಂದೊಂದಾಗಿ ಉದುರುತ್ತಿದ್ದವು.

"ಮೊದಲ ಯಾಕ ಹೇಳಲಿಲ್ಲ?" ಎಂದರು.

"ಹೇಳಿದ್ರ ಖರೆ ಆಗತಿತ್ತರಿ."

ಅವರು ಬೆಂಚಿನ ಮೇಲೆ ಬಿದ್ದ ಹೂಗಳನ್ನು ಆರಿಸಿ ನನ್ನ ಉಡಿಗೆ ಹಾಕಿದರು. ಕೊನೆಗೆ, "ಬೆಳಗಾವಿ ದವಾಖಾನಿಯೊಳಗ ಹಡಿಯುವಂತಿ. ಮೂಡಲಗಿ ಸುದ್ದಿ ಬ್ಯಾಡ," ಎಂದರು. ಅದನ್ನೇ ಎರಡು ಸಲ ಹೇಳಿದರು. ಹೆದರಿದವಳು ನಾನೊಬ್ಬಳೇ ಅಲ್ಲ ಎಂದು ಆಗ ತಿಳಿಯಿತು.

ಬೆಟ್ಟದೂರು

ಕಾಡುಹತ್ತಿ ಹುಡುಕುತ್ತ ನಾವು ತೆಪೋಸ್‌ತ್ಲಾನ್ ಎಂಬ ಊರಿಗೆ ಹೋದೆವು. ಅದು ಎಲೆನಾಳ ಅಜ್ಜಿಯ ಊರು, ಎಲೆನಾಳೂ ಜೊತೆಗೆ ಬಂದಳು. ಊರ ಸುತ್ತ ಎದ್ದು ನಿಂತ ಬಂಡೆಗೋಡೆಗಳನ್ನು ನೋಡಿ ಗೋಕಾಕದ ಧಬಧಬೆಯ ಕಣಿವೆಯೇ ನೀರು ಒಣಗಿ ಇಲ್ಲಿ ಬಂದು ನಿಂತಿದೆ ಅನ್ನಿಸಿತು. ಬೇಲಿಯ ತುಂಬ ನಮ್ಮದೇ ಕತ್ತಾಳೆ. ನಮ್ಮಲ್ಲಿ ಅದರಿಂದ ಹಗ್ಗ ಹೊಸೆದು ಮುಗಿಯಿತು. ಇಲ್ಲಿ ಅದರ ಹೊಟ್ಟೆ ಕೊರೆದು ಹಾಲಿನಂಥ ರಸ ತೆಗೆದು ಕುಡಿಯುತ್ತಾರೆ. ಕತ್ತಾಳೆಗೂ ಒಬ್ಬಳು ದೇವಿಯಂತೆ, ಅವಳಿಗೆ ನಾಲ್ಕುನೂರು ಮೊಲೆಗಳಂತೆ. ಬೇಲಿಯ ಗಿಡವನ್ನು ಇಷ್ಟು ವರ್ಷ ಮಾತಾಡಿಸದೆ ದಾಟಿ ಹೋಗಿದ್ದೆ.

ಅಜ್ಜಿ ಸೂಲಗಿತ್ತಿ. ಗಿಡ್ಡ ದೇಹ, ಗಾಜಿನ ಮಣಿಸರ, ಗೋಡೆಯ ಮೇಲೆ ಮೇರಿಯಮ್ಮನ ಪಟ. ಆ ಪಟಕ್ಕೆ ಕೈಮುಗಿಯುವಾಗ ಅವಳು ಕರೆಯುತ್ತಿದ್ದುದು ಮಾತ್ರ "ನಮ್ಮವ್ವ" ಎಂಬರ್ಥದ ಹಳೆಯ ಹೆಸರಿನಿಂದ. ನನ್ನ ಹೊಟ್ಟೆಯನ್ನು ಮುಟ್ಟಿ ನೋಡಿ ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಮಣ್ಣಿನ ಗುಮ್ಮಟದಂಥ ಪುಟ್ಟ ಮನೆ, ಅಂಬೆಗಾಲಿಟ್ಟು ನುಗ್ಗುವಷ್ಟೇ ಬಾಗಿಲು. ಒಳಗೆ ಕಾದ ಕಲ್ಲಿನ ಮೇಲೆ ನೀರು ಸುರಿದು ಉಗಿಯಲ್ಲಿ ಮೀಯಿಸುತ್ತಾರೆ. ಹೊಗುವ ಮುಂಚೆ ಅಜ್ಜಿ ಬಾಗಿಲಿಗೆ ಏನೋ ಹೇಳಿದಳು.

"ಈ ಮನಿಗೂ ಒಬ್ಬಾಕಿ ಅಜ್ಜಿ ದೇವಿ ಅದಾಳ, ಅಕೀನ ಕೇಳಾಕತ್ತಾಳ, ಒಂದ ಹೆಣ್ಣಮಗಳನ ಕರಕೊಂಡ ಬಂದೇನಿ, ಬರಲ್ಯಾ ಅಂತ," ಎಂದು ಎಲೆನಾ ವಿವರಿಸಿದಳು.

ಉಗಿ ಬೆಚ್ಚಗೆ, ಹದವಾಗಿ ಏರಿತು. ಕಣ್ಣಿಗೆ ಏನೂ ಕಾಣದು. ಹಸಿ ಎಲೆಗಳ ವಾಸನೆ, ಬೆನ್ನ ಮೇಲೆ ಅಜ್ಜಿಯ ಕೈ. ನಾನೇ ಯಾರದೋ ಗರ್ಭದಲ್ಲಿ ಕೂತಿದ್ದೇನೆ, ನನ್ನೊಳಗೆ ಇನ್ನೊಂದು ಜೀವ ಕೂತಿದೆ, ಹೊರಗೆ ಗುಡ್ಡಗಳು ಕೂತಿವೆ. ಎಷ್ಟು ಹೊತ್ತು ಹಾಗಿದ್ದೆನೋ. ಅಜ್ಜಿಯ ಬೆರಳು ನನ್ನ ಕೊರಳಿನಲ್ಲಿ ಲಿಂಗವಿರುವ ಬೆಳ್ಳಿಯ ಕರಡಿಗೆಗೆ ತಾಗಿತು. ಇದೇನು ಎಂದು ಕೇಳಿದಳು. ಬಾಗಿಲ ಹೊರಗೆ ಕೂತಿದ್ದ ಎಲೆನಾಳ ಮೂಲಕ ನಮ್ಮ ಮಾತು ಒಳಗೆ ಹೊರಗೆ ಓಡಾಡಿತು.

"ನನ್ನ ದೇವರು. ಹುಟ್ಟಿದಾಗಿಂದ ಕೊರಳಾಗ ಐತಿ."

ಅಜ್ಜಿ ನಕ್ಕದ್ದು ಉಗಿಯಲ್ಲಿ ಕೇಳಿಸಿತು. "ದೇವರನ್ನ ಹೊತಗೊಂಡ ತಿರಗತಿ, ಮತ್ತ ಒಂದ ಕೂಸ ಹೊರಾಕ ಹೆದರತಿ?"

"ನಮ್ಮಕ್ಕ ಹಡಿಯುವಾಗ ಹೋದಳು. ನಾನೂ ಸತ್ತ ಹೋಗತೇನಿ ಅಂತ ಹೆದರಿಕಿ."

ಅಜ್ಜಿ ಕೈ ನಿಲ್ಲಿಸಲಿಲ್ಲ. "ನನ್ನ ಕೈಯಾಗ ಬಾಳ ಮಂದಿ ಉಳದಾರ. ಕೆಲವರು ಉಳದಿಲ್ಲ. ಹೋಗಾಕಿಗೆ ನಾ ಕಿವಿಯೊಳಗ ಹೇಳತಿದ್ದೆ, ಮಗಳ, ನೀ ಸೋತಿಲ್ಲ, ಏಳ, ನಿನ್ನ ಕರೀತಾರ, ಅಂತ. ನಿಮ್ಮಕ್ಕಗ ಹಂಗ ಯಾರರ ಹೇಳಿದ್ರೇನು?"

ಯಾರೂ ಹೇಳಿರಲಿಲ್ಲ. ಕೋಣೆಯಲ್ಲಿ ಎಲ್ಲರೂ ಅವಳಿಂದ ಸರಿದು ನಿಂತಿದ್ದರು. ನಾನು ಅತ್ತೆ. ಆ ಉಗಿಯಲ್ಲಿ ಕಣ್ಣೀರು ಯಾವುದು, ಬೆವರು ಯಾವುದು, ಯಾರಿಗೂ ತಿಳಿಯುವಂತಿರಲಿಲ್ಲ. ಹೊರಗೆ ಬಂದಾಗ ಹೊತ್ತು ನೆತ್ತಿಯಿಂದ ವಾಲಿತ್ತು. ಕಂಬಳಿ ಹೊದ್ದು ಅಂಗಳದಲ್ಲಿ ಮಲಗಿ ನೋಡುತ್ತಿದ್ದೆ. ಸೂರ್ಯ ಒಮ್ಮೆಲೇ ಜಾರುತ್ತಿಲ್ಲ, ಯಾರೋ ಜೋಪಾನವಾಗಿ ಒಂದೊಂದೇ ಹೆಜ್ಜೆ ಇಳಿಸುತ್ತಿದ್ದಾರೆ ಅನ್ನಿಸಿತು. ಎಂದೂ ಇಲ್ಲದ ನಿದ್ದೆ ಬಂತು.

ಮೂಡಲಗಿ

ಊರಿಗೆ ಬರುವ ಹೊತ್ತಿಗೆ ನನಗೆ ತಿಂಗಳು ತುಂಬುತ್ತ ಬಂದಿತ್ತು. ನಮ್ಮವರ ಹತ್ತಿಬೀಜಗಳಲ್ಲಿ ಅರ್ಧ ಹಡಗಿನ ತೇವಕ್ಕೆ ಬೂಸು ಹಿಡಿದಿದ್ದವು. ಬೆಳಗಾವಿಯ ದವಾಖಾನೆಗೆ ಹೇಳಿಟ್ಟಿತ್ತು. ಅದಕ್ಕೆ ಮುಂಚೆ ಒಮ್ಮೆ ಅವ್ವನನ್ನು ನೋಡಿ ಬರುತ್ತೇನೆ ಎಂದು ಹಟ ಹಿಡಿದೆ. ಚಕ್ಕಡಿ ಬಾಗಿಲಲ್ಲಿ ನಿಂತಾಗ ಅವ್ವ ನನ್ನ ಹೊಟ್ಟೆ ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಬರಬ್ಯಾಡ ಅಂದಿದ್ನಲ್ಲ," ಎಂದಳು.

"ಒಂದ ಮಾತ ಹೇಳಿ ಹೋಗತೇನಿ ಅವ್ವಾ."

ಮಧ್ಯಾಹ್ನದ ಊಟವಾದ ಮೇಲೆ, ಅವಳು ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ, ಎಲ್ಲ ಹೇಳಿದೆ. ಕಸ ಗುಡಿಸುವ ದೇವಿ, ಮೊಣಕಾಲೂರಿದ ಕಲ್ಲಿನ ಹೆಂಗಸರು, ಗರಿಯ ಪಲ್ಲಕ್ಕಿ, ಸಾಯುವವಳ ಕಿವಿಯಲ್ಲಿ ಸೂಲಗಿತ್ತಿ ಅಜ್ಜಿ ಹೇಳುತ್ತಿದ್ದ ಮಾತು. ಅವ್ವ ತಲೆಯೆತ್ತಲಿಲ್ಲ. ಅವಳ ಕೈ ಮಾತ್ರ ನಿಧಾನವಾಗುತ್ತ ಬಂದು ನಿಂತಿತು. ಆಮೇಲೆ ಕೇಳಿದಳು:

"ಮಧ್ಯಾನದಿಂದ ಮುಣಗೂತನಕಾ ಅಕಿ ಒಬ್ಬಾಕಿನ ಹೊರಬೇಕೇನು?"

"ಅಕಿ ಒಬ್ಬಾಕಿನ ಅಲ್ಲವ್ವಾ. ಬಾಳ ಮಂದಿ ಅದಾರ."

"ಗೆಳತ್ಯಾರ ಅದಾರಂತೀ," ಎಂದು ಅವ್ವ ಮತ್ತೆ ಕಾಯಿ ಕೈಗೆತ್ತಿಕೊಂಡಳು.

ಮರುದಿನ ಬೆಳಗಾವಿಗೆ ಹೊರಡಬೇಕು. ಮುಂಜಾನೆಯೇ ಬೇನೆ ಶುರುವಾಯಿತು. ದಾರಿಯಲ್ಲಿ ಆದರೇನು ಗತಿ ಎಂದು ಯಾರೂ ಚಕ್ಕಡಿ ಹೂಡಲಿಲ್ಲ. ಅದೇ ಮನೆ, ಅದೇ ಕೋಣೆ. ಸೂಲಗಿತ್ತಿ ದ್ಯಾಮವ್ವ ಬಂದಳು, ಪಕ್ಕದ ಮನೆಯ ಕಲ್ಲವ್ವ ಕಾಕು ಬಂದಳು. ಅವ್ವ ಮೂಲೆಯಲ್ಲಿ ಗೋಡೆ ಹಿಡಿದು ನಿಂತಿದ್ದಳು, ನನ್ನ ಹತ್ತಿರ ಬರಲಾರಳು, ಹೊರಗೂ ಹೋಗಲಾರಳು. ಮಧ್ಯಾಹ್ನವಾಯಿತು, ವಾಲಿತು. ಕೂಸು ಬರಲಿಲ್ಲ. ನನ್ನ ಬಲ ಇಳಿಯುತ್ತಿದ್ದುದು ನನಗೇ ಗೊತ್ತಾಗುತ್ತಿತ್ತು. ದ್ಯಾಮವ್ವನ ಮಾತು ದೂರದ ಬಾವಿಯಿಂದ ಬಂದಂತೆ ಕೇಳುತ್ತಿತ್ತು.

"ಹಿತ್ತಲ ಕಡೆ ಎಲ್ಲಾ ಮುಚ್ಚರಿ, ಹೊತ್ತ ಕೆಟ್ಟೈತಿ," ಎಂದು ಕಲ್ಲವ್ವ ಕಾಕು ಪಿಸುಗುಟ್ಟಿದಳು.

ಆಗ ಅವ್ವ ಗೋಡೆ ಬಿಟ್ಟಳು. ನಡೆದು ಹೋಗಿ ಪಡುವಣದ ಬಾಗಿಲನ್ನು ಹಾರುಹೊಡೆದಳು. ಬಿಸಿಲು ಕೋಣೆಯ ಒಳಗೆ ನನ್ನ ಕಾಲವರೆಗೂ ಬಂತು. ಅವ್ವ ಸೆರಗು ಹೊದ್ದು, ಸೂರ್ಯನ ಕಡೆ ಮುಖ ಮಾಡಿ, ಹೊಲದಲ್ಲಿ ದೂರ ಇದ್ದವರನ್ನು ಕೂಗುವಂತೆ ದೊಡ್ಡ ದನಿಯಲ್ಲಿ ಕೂಗಿದಳು:

"ನೀಲವ್ವಾ! ನೀ ಸೋತಿಲ್ಲವಾ ನನ್ನವ್ವಾ! ಅವತ್ತ ಹೇಳಲಿಲ್ಲ, ಈಗ ಹೇಳತೇನಿ. ನಿನ್ನ ತಂಗಿ ಹಡಿಯಾಕತ್ತಾಳ. ಇಕಿ ಇಲ್ಲೇ ಇರಲಿ. ನೀ ನಿನ್ನ ಹೊತ್ತ ಸಾಗಸವಾ!"

ಓಣಿಯೆಲ್ಲ ಕೇಳಿರಬೇಕು. ಅವ್ವ ತಿರುಗಿ ಬಂದು ನನ್ನ ಬೆನ್ನ ಹಿಂದೆ ಕೂತು ನನ್ನನ್ನು ಎರಡೂ ಕೈಗಳಿಂದ ಎತ್ತಿ ಹಿಡಿದಳು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಬಿಸಿಲು ಕೆಂಪಾಗಿ ಗೋಡೆ ಹತ್ತಿದ್ದು ನೆನಪಿದೆ. ಹೊತ್ತು ಮುಳುಗುವ ಮುಂಚೆ ಕೂಸು ಅತ್ತದ್ದು ನೆನಪಿದೆ.

"ಹೆಣ್ಣ ಕೂಸ, ಗಟ್ಟಿ ಐತಿ," ಎಂದಳು ದ್ಯಾಮವ್ವ.

ಅವ್ವ ಕೂಸಿನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಎದ್ದು ತಂಬಿಗೆಯಲ್ಲಿ ನೀರು ತುಂಬಿಕೊಂಡು ಹಿತ್ತಲಿಗೆ ಇಳಿದಳು. ಪಡುವಣಕ್ಕೆ ಮುಖ ಮಾಡಿ ನೆಲಕ್ಕೆ ಸಣ್ಣ ಧಾರೆಯಾಗಿ ಸುರಿಯತೊಡಗಿದಳು.

"ಯಾರಿಗೆ ಅಕ್ಕಾ ಅದು?" ಎಂದು ಕಲ್ಲವ್ವ ಕಾಕು ಬಾಗಿಲಿನಿಂದ ಕೇಳಿದಳು.

"ನನ್ನ ದೊಡ್ಡ ಮಗಳಿಗೆ," ಎಂದಳು ಅವ್ವ. "ಮಧ್ಯಾನದಿಂದ ಹೊತ್ತಾಳ. ಗಂಟಲ ಒಣಗಿರತೈತಿ."